ಗೋಧಿ ಹೊಲದಲ್ಲಿ ಸಿಕ್ಕ ಕಂಚಿನ ಚೂರು

ಅಂಗೈ ಮೇಲೆ ಇಟ್ಟುಕೊಂಡರೆ ಮುರಿದ ಮುಚ್ಚಳದ ಹಾಗೆ ಕಾಣುತ್ತಿತ್ತು. ಕಡು ಹಸಿರು ಬಣ್ಣ. ಗುಮ್ಮಟದ ಹಾಗೆ ಉಬ್ಬಿದ ಮೈ. ನೆತ್ತಿಯಲ್ಲಿ ಒಂದು ಸೀಳು, ಸೀಳಿನ ತುದಿಯಲ್ಲಿ ಬಟಾಣಿ ಗಾತ್ರದ ದುಂಡು ತೂತು. ಸುತ್ತ ಮೀನಿನ ಹುರುಪೆಯಂಥ ಎಸಳುಗಳು, ಎಸಳುಗಳ ನಡುವೆ ಇಂಗ್ಲಿಷಿನ ಒಂದೇ ಒಂದು ಅಕ್ಷರ, ಎಮ್. ಒಂದು ಕಡೆ ಅಂಚು ಒಡೆದು ಹೋಗಿತ್ತು. ತೂಕ 64 ಗ್ರಾಂ. ಇದು ಏನು ಅಂತ ಗೊತ್ತಾಗೋಕೆ ನನಗೆ ಐದು ವಾರ ಬೇಕಾಯಿತು. ಆ ಐದು ವಾರದ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಇಷ್ಟು ಖುಷಿ ಕೊಟ್ಟ ವಸ್ತು ನನಗೆ ಈ ಹವ್ಯಾಸದಲ್ಲಿ ಇನ್ನೊಂದು ಸಿಕ್ಕಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹಿನ್ನೆಲೆ. ನಾನು ಇರೋದು ಇಂಗ್ಲೆಂಡಿನ ಸ್ವಿಂಡನ್‌ನಲ್ಲಿ. ಮೂರು ವರ್ಷದಿಂದ ರಜೆಯ ದಿನ ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುತ್ತೇನೆ. ಇಲ್ಲಿ ಇದು ತುಂಬಾ ಜನ ಮಾಡುವ ಹವ್ಯಾಸ, ಆದರೆ ಸುಮ್ನೆ ಎಲ್ಲೆಂದರಲ್ಲಿ ಅಗೆಯುವ ಹಾಗಿಲ್ಲ. ಹೊಲದ ಯಜಮಾನರ ಅನುಮತಿ ಬೇಕೇ ಬೇಕು. ಸಂರಕ್ಷಿತ ಸ್ಮಾರಕಗಳ ಜಾಗದಲ್ಲಿ ಅನುಮತಿಯಿಲ್ಲದೆ ಮೆಷಿನ್ ಬಳಸುವುದೇ ಅಪರಾಧ. 300 ವರ್ಷಕ್ಕಿಂತ ಹಳೆಯ ಚಿನ್ನ ಬೆಳ್ಳಿಯ ಒಡವೆ, ವಸ್ತು ಸಿಕ್ಕರೆ 1996ರ ಟ್ರೆಷರ್ ಆಕ್ಟ್ ಪ್ರಕಾರ 14 ದಿನದೊಳಗೆ ತಿಳಿಸಬೇಕು. ಉಳಿದ ವಸ್ತುಗಳನ್ನು ತೋರಿಸುವುದಕ್ಕೆ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಅಂತ ಒಂದು ವ್ಯವಸ್ಥೆ ಇದೆ, ಬ್ರಿಟಿಷ್ ಮ್ಯೂಸಿಯಂ ನಡೆಸುತ್ತದೆ, 1997ರಿಂದ ಇದೆ. ಜಿಲ್ಲೆಗಳಲ್ಲಿ ಅವರ ಅಧಿಕಾರಿಗಳಿದ್ದಾರೆ. ನಮ್ಮಂಥವರು ತಂದ ಚೂರುಪಾರು ನೋಡಿ, ಅಳೆದು, ಫೋಟೋ ತೆಗೆದು ದಾಖಲೆ ಮಾಡುತ್ತಾರೆ. ಹೀಗೆ ದಾಖಲಾದ ವಸ್ತುಗಳು ಈಗ 15 ಲಕ್ಷಕ್ಕೂ ಜಾಸ್ತಿ. ಅವೆಲ್ಲ ಯಾರು ಬೇಕಾದರೂ ನೋಡಬಹುದಾದ ಹಾಗೆ ಇಂಟರ್ನೆಟ್ಟಿನಲ್ಲಿವೆ. ರಾತ್ರಿ ಊಟ ಆದಮೇಲೆ ಅದನ್ನು ತೆರೆದು ಕೂತರೆ ಹನ್ನೆರಡು ಗಂಟೆ ಆಗಿದ್ದೇ ತಿಳಿಯುವುದಿಲ್ಲ.

ಊರಿನ ಸ್ನೇಹಿತರು ಕೇಳುತ್ತಾರೆ, ಬರುವಾಗ ಆ ಮೆಷಿನ್ ತಗೊಂಡು ಬಾ, ನಮ್ಮ ಹೊಲದಲ್ಲೂ ನೋಡೋಣ ಅಂತ. ಖಂಡಿತ ತರುವುದಿಲ್ಲ. ಭಾರತದಲ್ಲಿ ನಿಧಿ ಕಾಯ್ದೆ 1878ರಿಂದಲೇ ಇದೆ. ಅದಕ್ಕಿಂತ ಜಾಸ್ತಿ, ನಿಧಿ ಆಸೆಗೆ ನಮ್ಮ ಕಡೆ ಹಾಳು ಗುಡಿಗಳ ನಂದಿ ಒಡೆದದ್ದು, ಲಿಂಗ ಕಿತ್ತು ಕೆಳಗೆ ಅಗೆದದ್ದು ಎಷ್ಟು ನೋಡಿಲ್ಲ ನಾವು? ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಆ ಕೆಲಸಕ್ಕೂ ಇದಕ್ಕೂ ಸಂಬಂಧ ಇರಬಾರದು.

ಸರಿ, ಆ ಚೂರಿನ ವಿಷಯಕ್ಕೆ ಬರುತ್ತೇನೆ. ಅಕ್ಟೋಬರ್ ತಿಂಗಳು. ಗೋಧಿ ಕೊಯ್ದು, ಉತ್ತು, ಮತ್ತೆ ಬಿತ್ತುವ ಮುಂಚಿನ ಎರಡು ವಾರ ಮಾತ್ರ ಆ ಹೊಲ ನಮಗೆ ಸಿಗುತ್ತದೆ. ಸುಣ್ಣಕಲ್ಲಿನ ಬಿಳಿ ಮಣ್ಣು, ಎಲ್ಲಿ ನೋಡಿದರೂ ಚಕಮಕಿ ಕಲ್ಲು. ಹೊಲದ ಅಂಚಿನಲ್ಲಿ ಒಂದು ಹಳೇ ಗಾಡಿ ದಾರಿ ಇದೆ, ಎರಡೂ ಬದಿಗೆ ಆಳೆತ್ತರದ ಬೇಲಿ. ಅದರ ಪಕ್ಕ ಹೋಗುತ್ತಿದ್ದಾಗ ಸಿಗ್ನಲ್ ಬಂತು. ವಿಚಿತ್ರ ಸಿಗ್ನಲ್ ಅದು. ತಾಮ್ರ, ಬೆಳ್ಳಿಗೆ ಬರುವ ತೆಳು ದನಿ ಬಂತು, ಒಂದು ಹೆಜ್ಜೆ ಆಚೆ ನಿಂತು ಮೆಷಿನ್ನಿನ ತುದಿಯ ತಟ್ಟೆ ಆಡಿಸಿದರೆ ಕಬ್ಬಿಣಕ್ಕೆ ಬರುವ ಗೊಗ್ಗರು ದನಿ. ಒಂದು ಗೇಣು ಅಗೆದೆ. ಮಣ್ಣಿನೊಳಗೆ ದುಂಡಗಿನ ಲೋಹದ ಬೆನ್ನು ಕಂಡಿತು. ಅಲ್ಲಿಗೆ ಕೈ ನಿಲ್ಲಿಸಿದೆ. ನಮ್ಮ ವಿಲ್ಟ್‌ಶೈರ್ ಜಿಲ್ಲೆಯಲ್ಲಿ ಸೈನ್ಯದ ದೊಡ್ಡ ತರಬೇತಿ ಮೈದಾನ ಇದೆ, ನೂರು ವರ್ಷಕ್ಕೂ ಹಿಂದಿನಿಂದ ಅಲ್ಲಿ ಗುಂಡು ಹಾರಿಸುತ್ತಿದ್ದಾರೆ. ಅದು ನಮ್ಮ ಹೊಲದಿಂದ ದೂರವೇ, ಆದರೂ ದುಂಡಗಿನ ಟೊಳ್ಳು ಲೋಹ ಕಂಡರೆ ಗುದ್ದಲಿ ತಾಗಿಸಬಾರದು. ಅನುಮಾನ ಬಂದರೆ ಹಾಗೇ ಬಿಟ್ಟು, ದೂರ ಸರಿದು, ಪೊಲೀಸರಿಗೆ ಫೋನ್ ಮಾಡಬೇಕು. ಬಗ್ಗಿ ಊದಿ ಮಣ್ಣು ಸರಿಸಿ ನೋಡಿದೆ. ತೆಳುವಾದ ಒಡೆದ ಅಂಚು, ಹಸಿರು ಕಿಲುಬು, ಎಸಳಿನ ಕೆತ್ತನೆ. ಬಾಂಬ್ ಅಲ್ಲ ಅಂತ ಖಚಿತ ಆದಮೇಲೆ ಕೈಯಲ್ಲಿ ಎತ್ತಿಕೊಂಡೆ.

ಹೊಲದ ಯಜಮಾನರಿಗೆ ತೋರಿಸಿದೆ. ಎಪ್ಪತ್ತು ದಾಟಿದವರು, ಅಲ್ಲೇ ಹುಟ್ಟಿ ಬೆಳೆದವರು. ತಿರುಗಿಸಿ ತಿರುಗಿಸಿ ನೋಡಿ, ಹಳೇ ದೀಪದ ಮುಚ್ಚಳ ಇರಬೇಕು ಅಂದರು. ನೆತ್ತಿಯಲ್ಲಿ ಸೀಳು ಇದೆಯಲ್ಲ, ನನಗೆ ದುಡ್ಡಿನ ಹುಂಡಿ ಅನ್ನಿಸಿತು. ಮನೆಯಲ್ಲಿ ನನ್ನ ಹೆಂಡತಿ ನೋಡಿ, ಬಾಗಿಲಿನ ಗುಂಡು ಹಿಡಿ ಒಡೆದಿರಬೇಕು ನೋಡ್ರಿ ಅಂದಳು. ಎಲ್ಲವೂ ಸಾಧ್ಯ ಅನ್ನಿಸುವ ಹಾಗೇ ಇತ್ತು.

ತೊಳೆಯುವ ವಿಷಯ ಒಂದು ಮಾತು ಹೇಳಲೇಬೇಕು. ಮೊದಲ ವರ್ಷ ನನಗೆ ಮೂರನೇ ಜಾರ್ಜ್ ದೊರೆಯ ಕಾಲದ ಒಂದು ತಾಮ್ರದ ನಾಣ್ಯ ಸಿಕ್ಕಿತ್ತು. ಅಮ್ಮ ತಾಮ್ರದ ಬಿಂದಿಗೆ ಬೆಳಗುತ್ತಿದ್ದ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಬಿಂದಿಗೆ ಹಾಗೇ ಪಳಪಳ ಹೊಳೆಯಿತು. ಆದರೆ ದೊರೆಯ ಮುಖ ಹೋಯಿತು, ಇಸವಿಯೂ ಹೋಯಿತು. ಮಣ್ಣಿನಲ್ಲಿ ನೂರಾರು ವರ್ಷ ಇದ್ದ ತಾಮ್ರದ ಮೇಲ್ಮೈ ಕಿಲುಬಾಗಿ ಮಾರ್ಪಟ್ಟಿರುತ್ತದೆ, ಅಕ್ಷರ, ಗೆರೆ ಎಲ್ಲ ಉಳಿದಿರುವುದು ಆ ಹಸಿರು ಪದರದಲ್ಲೇ. ಹುಳಿ ಅದನ್ನೇ ತಿಂದುಬಿಡುತ್ತದೆ. ಆ ನಾಣ್ಯ ಈಗಲೂ ನನ್ನ ಮೇಜಿನ ಮೇಲಿದೆ, ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈ ಚೂರಿಗೆ ನಾನು ಮಾಡಿದ್ದು ಇಷ್ಟೇ, ಮಣ್ಣು ಒಣಗಲು ಬಿಟ್ಟೆ, ಆಮೇಲೆ ಬಿದಿರಿನ ಕಡ್ಡಿಯಲ್ಲಿ, ಮೆತ್ತನೆ ಬ್ರಷ್‌ನಲ್ಲಿ ಬಿಡಿಸಿದೆ. ಅದಕ್ಕೇ ಮೂರು ಸಂಜೆ ಹಿಡಿಯಿತು.

ಆ ಮೂರನೇ ಸಂಜೆ ಒಳಮೈ ಪೂರ್ತಿ ಕಂಡಿತು. ಒಳಗೆ ಒಂದು ಕಡೆ, ಸೀಳಿನ ಪಕ್ಕದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಕಂದು ಕಲೆ. ಕಾವಿ ಬಣ್ಣದ ಕಲೆ. ಬೇರೆಲ್ಲ ಹಸಿರು, ಅಲ್ಲಿ ಮಾತ್ರ ಕಾವಿ. ಮಣ್ಣಿನ ಬಣ್ಣ ಅಂದುಕೊಂಡು ನಾಲ್ಕು ವಾರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ನಾಲ್ಕು ವಾರ ನಾನು ಎಮ್ ಅಕ್ಷರದ ಹಿಂದೆ ಬಿದ್ದಿದ್ದೆ. ಎಮ್ ಗುರುತಿನ ದೀಪ ತಯಾರಕರು, ಎಮ್ ಗುರುತಿನ ಗುಂಡಿ, ಎಮ್ ಗುರುತಿನ ತೂಕದ ಬಟ್ಟು, ಎಷ್ಟು ಹುಡುಕಿದೆನೋ. ಒಂದೂ ಹೊಂದಲಿಲ್ಲ.

ಕೊನೆಗೆ ಅಕ್ಷರ ಬಿಟ್ಟು ವಸ್ತುವನ್ನೇ ನೋಡಬೇಕು ಅನ್ನಿಸಿತು. ಇದು ಯಾವುದರ ಹಾಗೆ ಕಾಣುತ್ತೆ ಅಂತಲೇ ಕೇಳಿಕೊಳ್ಳುತ್ತಿದ್ದೆನಲ್ಲ, ಅದನ್ನು ನಿಲ್ಲಿಸಿದೆ. ಮಾಡಿದವನು ಹೇಗೆ ಮಾಡಿದ, ಇಟ್ಟುಕೊಂಡವನು ಹೇಗೆ ಬಳಸಿದ, ಅದು ಹೇಗೆ ಮುರಿಯಿತು, ಇಷ್ಟು ಕೇಳಿಕೊಳ್ಳೋಣ ಅಂತ ಭೂತಗನ್ನಡಿ ಹಿಡಿದು ಕೂತೆ. ಒಡೆದ ಅಂಚು ಬಾಗಿರಲಿಲ್ಲ, ಬಿಸ್ಕತ್ತು ಮುರಿದ ಹಾಗೆ ಪಟ್ಟನೆ ಮುರಿದಿತ್ತು. ಹಿತ್ತಾಳೆ ಆಗಿದ್ದರೆ ನೇಗಿಲು ತಾಗಿದಾಗ ಮೊದಲು ನಗ್ಗುತ್ತದೆ. ಹೀಗೆ ಬಿರುಕು ಬಿಟ್ಟು ಒಡೆಯುವುದು ತವರ ಜಾಸ್ತಿ ಇರುವ ಕಂಚು. ಮುರಿದ ಅಂಚೂ ಹಸಿರಾಗಿತ್ತು, ಅಂದರೆ ಮುರಿದದ್ದು ಇತ್ತೀಚೆಗೆ ಅಲ್ಲ, ಬಹಳ ಹಿಂದೆ. ಮುರಿಯದೆ ಉಳಿದ ಇನ್ನೊಂದು ಬದಿಯಲ್ಲಿ ಅಂಚಿನ ಉದ್ದಕ್ಕೂ ಒಂದು ಸಣ್ಣ ಏಣು ಇತ್ತು. ಇದನ್ನೇ ಮುಚ್ಚಳದ ಕಟ್ಟು ಅಂದುಕೊಂಡಿದ್ದೆ. ಬೆರಳು ಹಾಕಿ ನೋಡಿದರೆ ಏಣಿನ ಆಚೆಗೂ ಒಂದು ಕೂದಲೆಳೆಯಷ್ಟು ಲೋಹ ಮುಂದುವರಿದಿತ್ತು, ಮುಂದುವರಿದು ಒಳಕ್ಕೆ ಬಾಗುತ್ತಿತ್ತು! ಮುಚ್ಚಳ ಎಲ್ಲಾದರೂ ಒಳಕ್ಕೆ ಬಾಗುತ್ತದಾ? ಹಾಳೆ ಮೇಲೆ ಬೇರೆ ಬೇರೆ ಅಳತೆಯ ವೃತ್ತ ಬರೆದು ಆ ಏಣನ್ನು ಒಂದೊಂದರ ಮೇಲೂ ಇಟ್ಟು ನೋಡಿದೆ. 52 ಮಿಲಿಮೀಟರಿನ ವೃತ್ತಕ್ಕೆ ಸರಿಯಾಗಿ ಕೂತಿತು. ಚೂರಿನ ಎತ್ತರ ಅದರ ಅರ್ಧ, 26.

ಅಂದರೆ ಅದು ಮುಚ್ಚಳ ಅಲ್ಲ, ಚೆಂಡು. ಟೊಳ್ಳು ಚೆಂಡಿನ ಅರ್ಧ. ಏಣು ಇರುವುದು ಅದರ ಸೊಂಟದಲ್ಲಿ. ಚೆಂಡಿಗೆ ಒಂದು ಸೀಳು, ಒಳಗೆ ಕಬ್ಬಿಣದ ತುಕ್ಕಿನ ಕಲೆ. ಕಂಚಿಗೆ ತುಕ್ಕು ಹಿಡಿಯುವುದಿಲ್ಲ. ಹಾಗಾದರೆ ಅದರೊಳಗೆ ಒಂದು ಕಬ್ಬಿಣದ ಗುಂಡು ಇತ್ತು, ಮಣ್ಣಿನಲ್ಲಿ ಕರಗಿ ಹೋಗಿದೆ.

ಗೆಜ್ಜೆ. ಎತ್ತಿನ ಕೊರಳಿನ ಗೆಜ್ಜೆ!

ರಾತ್ರಿ ಹನ್ನೊಂದೂವರೆ ಆಗಿತ್ತು, ಊರಲ್ಲಿ ಬೆಳಗಿನ ಜಾವ. ಅಲ್ಲಿ ಆರು ಗಂಟೆ ಆಗುವವರೆಗೆ ಕಾದು, ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ನಮ್ಮೂರು ನಾಗಮಂಗಲದ ಹತ್ತಿರ. ಎತ್ತು ಮಾರಿ ವರ್ಷಗಳೇ ಆದವು, ಈಗ ಬಾಡಿಗೆ ಟ್ರ್ಯಾಕ್ಟರ್ ಬಂದು ಉತ್ತು ಹೋಗುತ್ತದೆ. ಆದರೆ ಹುರಿಗೆಜ್ಜೆ ಮಾರಿಲ್ಲ ಅಂತ ನನಗೆ ಗೊತ್ತಿತ್ತು. ಸಂಕ್ರಾಂತಿಯಲ್ಲಿ ಕಿಚ್ಚು ಹಾಯಿಸುವ ಸಂಜೆ ಕೊರಳಿಗೆ ಅದನ್ನ ಕಟ್ಟುತ್ತಿದ್ದದ್ದು, ಊರ ಬಾಗಿಲಿಗೆ ಬರುವ ಮುಂಚೆಯೇ ಯಾರ ಮನೆ ಎತ್ತು ಅಂತ ದನಿಯಲ್ಲೇ ಗುರುತು ಹಿಡಿಯುತ್ತಿದ್ದದ್ದು ಎಲ್ಲ ಹಾಗೇ ಕಣ್ಣಿಗೆ ಕಟ್ಟಿತು. ಅಪ್ಪ ಅಟ್ಟದಿಂದ ಇಳಿಸಿ, ಟವಲಿನಲ್ಲಿ ಒರೆಸಿ, ಕ್ಯಾಮೆರಾಕ್ಕೆ ಹಿಡಿದರು. ನಾನು ನನ್ನ ಚೂರು ಹಿಡಿದೆ.

"ಗೆಜ್ಜೆನೇ ಕಣ್ಲಾ ಅದು, ಯಾಕೆ ತಲೆಕೆಳಗು ಹಿಡ್ಕಂಡಿದ್ದೀಯ?" ಅಂದರು. "ಬಾಯಿ ಕೆಳಕ್ಕೆ ಬರ್ಬೇಕು. ಕೊಂಡಿ ಮೇಲಕ್ಕೆ."

ಸೀಳಿಗೆ ನಮ್ಮ ಕಡೆ ಗೆಜ್ಜೆ ಬಾಯಿ ಅನ್ನುತ್ತೇವೆ. ತುದಿಯ ದುಂಡು ತೂತು ಯಾಕೆ ಅಂತ ಕೇಳಿದೆ. ತೂತಿಲ್ಲದೆ ಬರೀ ಸೀಳು ಬಿಟ್ಟರೆ ಬಡಿದು ಬಡಿದು ಸೀಳು ಹಾಗೇ ಮುಂದಕ್ಕೆ ಹರಿದುಕೊಂಡು ಹೋಗುತ್ತೆ, ದುಂಡಗೆ ಮಾಡಿದರೆ ಅಲ್ಲಿಗೆ ನಿಲ್ಲುತ್ತೆ ಅಂದರು. ಆಮೇಲೆ ಅವರೇ ಒಂದು ಪ್ರಶ್ನೆ ಹಾಕಿದರು, "ಕೊಂಡಿ ಇರೋ ಅರ್ಧ ಎಲ್ಲಿ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಚೂರನ್ನು ತಿರುಗಿಸಿ ಹಿಡಿದೆ. ಬಾಯಿ ಕೆಳಕ್ಕೆ. ಎಮ್ ಈಗ ಡಬ್ಲ್ಯೂ ಆಗಿತ್ತು.

ಡಬ್ಲ್ಯೂ ಇರುವುದು ಸೀಳಿನ ಒಂದು ಬದಿಗೆ. ಹಾಗಾದರೆ ಇನ್ನೊಂದು ಬದಿಗೂ ಏನೋ ಇರಬೇಕಲ್ವಾ? ಅಲ್ಲಿ ಮೈ ಸವೆದು ನುಣ್ಣಗಾಗಿತ್ತು, ಹಗಲಲ್ಲಿ ಏನೂ ಕಾಣುತ್ತಿರಲಿಲ್ಲ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿಗೆ ಸಮನಾಗಿ ಮಲಗಿಸಿ ಪಕ್ಕದಿಂದ ಬೆಳಕು ಬಿಟ್ಟೆ. ಸವೆದ ಗೆರೆ ಓದುವುದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ, ಶಾಸನ ಓದುವವರು ಕೂಡ ಇದನ್ನೇ ಮಾಡುತ್ತಾರೆ. ಚೂರನ್ನು ನಿಧಾನ ತಿರುಗಿಸುತ್ತಾ ಬಂದೆ. ಒಂದು ಕೋನದಲ್ಲಿ ಮಾತ್ರ, ಒಂದೇ ಕ್ಷಣ, ನೆರಳಲ್ಲಿ ಎದ್ದು ಬಂತು ಇನ್ನೊಂದು ಅಕ್ಷರ. ಆರ್.

ಆರ್, ಡಬ್ಲ್ಯೂ. ದಾಖಲೆಯಲ್ಲಿ ಹುಡುಕಿದರೆ ಇದೇ ಎರಡಕ್ಷರದ, ಇದೇ ಎಸಳಿನ ಗೆಜ್ಜೆಗಳು ಸಾಲು ಸಾಲು ಬಂದವು. ಇಂಗ್ಲಿಷಿನಲ್ಲಿ ಇದಕ್ಕೆ ಕ್ರೋಟಲ್ ಬೆಲ್ ಅನ್ನುತ್ತಾರೆ. ಆರ್ ಡಬ್ಲ್ಯೂ ಅಂದರೆ ರಾಬರ್ಟ್ ವೆಲ್ಸ್, ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಅನ್ನುವ ಹಳ್ಳಿಯ ಗಂಟೆ ಎರಕದವನು. ಆ ಮನೆತನದ ಎರಕದ ಕೆಲಸ 1760ರ ಸುಮಾರಿಗೆ ಶುರುವಾಗಿ 1825ರ ಹೊತ್ತಿಗೆ ಮುಗಿಯಿತು. ತಂದೆ ಮಗ ಇಬ್ಬರ ಹೆಸರೂ ರಾಬರ್ಟ್, ಹಾಗಾಗಿ ಈ ಗೆಜ್ಜೆ ಯಾರ ಕೈಯದು ಅಂತ ಅಕ್ಷರದಿಂದ ಹೇಳಲಾಗುವುದಿಲ್ಲ. ಕೊನೆಗೆ ವ್ಯವಹಾರ ದಿವಾಳಿಯಾಗಿ ಲಂಡನ್ನಿನ ವೈಟ್‌ಚಾಪೆಲ್ ಗಂಟೆ ಕಾರ್ಖಾನೆಯವರ ಕೈಗೆ ಹೋಯಿತು. ಬಿಗ್ ಬೆನ್ ಗಂಟೆ ಎರಕ ಹೊಯ್ದವರು ಅವರೇ. ಆ ಕಾರ್ಖಾನೆಯೂ 2017ರಲ್ಲಿ ಬಾಗಿಲು ಹಾಕಿತು.

ಜಿಲ್ಲೆಯ ಅಧಿಕಾರಿಗೆ ತೋರಿಸಿದೆ. ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ, ಹೌದು, ವೆಲ್ಸ್ ಗೆಜ್ಜೆ, ಕೆಳಗಿನ ಅರ್ಧ ಅಂದರು. ಅವರಿಗೆ ಅಷ್ಟು ಸಲೀಸು. ಸುಮಾರು 1700ರಿಂದ ಈಚಿನ ವಸ್ತುಗಳನ್ನು ಅವರು ಎಲ್ಲವನ್ನೂ ದಾಖಲೆ ಮಾಡುವುದಿಲ್ಲ, ಆಯ್ದು ಮಾಡುತ್ತಾರೆ. ನನ್ನದನ್ನು ಮಾಡಲಿಲ್ಲ. ನನಗೆ ಬೇಸರ ಆಗಲಿಲ್ಲ ಅಂದರೆ ಸುಳ್ಳು. ಆದರೆ ಸಿಕ್ಕ ಜಾಗದ ಅಳತೆ, ಆಳ, ತಾರೀಕು ಎಲ್ಲ ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಜಾಗ ಗೊತ್ತಿಲ್ಲದ ವಸ್ತು ಬರೀ ಗುಜರಿ. ಗಾಡಿ ದಾರಿಯ ಪಕ್ಕ, ಬೇಲಿಯಿಂದ ಹನ್ನೆರಡು ಹೆಜ್ಜೆ ಅಂತ ಬರೆದಿರುವುದರಿಂದಲೇ ಅಲ್ಲವಾ ಅದರ ಕಥೆ ಬಿಚ್ಚಿಕೊಳ್ಳುವುದು? ಇಲ್ಲಿನ ಹಳ್ಳಿ ದಾರಿಗಳು ಒಂದೇ ಗಾಡಿಯಷ್ಟು ಅಗಲ. ಎರಡೂ ಕಡೆ ಬೇಲಿ, ತಿರುವಿನಾಚೆ ಏನೂ ಕಾಣುವುದಿಲ್ಲ. ಎದುರಿಂದ ಇನ್ನೊಂದು ಗಾಡಿ ಬಂದರೆ ಹಿಂದಕ್ಕೆ ಸರಿಸುವುದು ಎಷ್ಟು ಕಷ್ಟ. ಅದಕ್ಕೇ ಕುದುರೆಗೆ ಗೆಜ್ಜೆ ಕಟ್ಟುತ್ತಿದ್ದರು. ಅಗಲ ಜಾಗ ಇರುವ ಕಡೆಯೇ ಎದುರಿನವನು ಸದ್ದು ಕೇಳಿ ನಿಂತುಕೊಳ್ಳಲಿ ಅಂತ. ದನ, ಕುರಿಗಳಿಗೂ ಕಟ್ಟುತ್ತಿದ್ದರು.

ಆಮೇಲಿನ ಭಾನುವಾರ ಆಲ್ಡ್‌ಬೋರ್ನ್‌ಗೆ ಹೋದೆ. ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ ಕೂಡ ಇಲ್ಲ. ನಡುವೆ ಬಾತುಕೋಳಿಗಳ ಒಂದು ಕೊಳ, ಮೇಲೆ ಹಸಿರು ಬಯಲು, ಅದರ ತುದಿಗೆ ಸೇಂಟ್ ಮೈಕೇಲ್ ಚರ್ಚು. ಇಷ್ಟು ಚಿಕ್ಕ ಊರಲ್ಲಿ 1690ರ ದಶಕದಿಂದ ನೂರಾ ಮೂವತ್ತು ವರ್ಷ ಗಂಟೆ ಎರಕ ನಡೆಯಿತು, ಮೊದಲು ಕೋರ್ ಅನ್ನುವವರು, ಕೊನೆಗೆ ವೆಲ್ಸ್‌ನವರು. ಚರ್ಚಿನ ದೊಡ್ಡ ಗಂಟೆ ಹೊಯ್ದ ಕೈಗಳೇ ಕುದುರೆಯ ಕೊರಳಿಗೂ ಹೊಯ್ದವು. ಬಯಲಿನಲ್ಲಿ ಬಹಳ ಹೊತ್ತು ಕೂತಿದ್ದೆ, ಜೇಬಿನಲ್ಲಿ ಚೂರು ಇತ್ತು. ಅದು ಹುಟ್ಟಿದ ಊರಿಗೆ ಇನ್ನೂರು ವರ್ಷದ ಮೇಲೆ ಒಂದು ಸಲ ಬರಲಿ ಅಂತ ತಂದಿದ್ದೆ.

ಗುಂಡನ್ನು ಒಳಗೆ ಹಾಕುವುದು ಹೇಗೆ ಅನ್ನುವುದು ಚಿಕ್ಕಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ. ಬಾಯಿಗಿಂತ ಗುಂಡು ದೊಡ್ಡದು, ಎಲ್ಲೂ ಬೆಸುಗೆ ಇಲ್ಲ. ಉತ್ತರ ಈ ಚೂರಿನಿಂದ ಸಿಕ್ಕಿತು. ಮಧ್ಯಯುಗದಲ್ಲಿ ತಗಡಿನ ಎರಡು ಬಟ್ಟಲು ಮಾಡಿ ಗುಂಡು ಇಟ್ಟು ಬೆಸೆಯುತ್ತಿದ್ದರು. ವೆಲ್ಸ್ ಕಾಲಕ್ಕೆ ಇಡೀ ಗೆಜ್ಜೆ ಒಂದೇ ಎರಕ. ಮೊದಲು ಮಣ್ಣಿನ ಉಂಡೆಯೊಳಗೆ ಕಬ್ಬಿಣದ ಗುಂಡು ಅಡಗಿಸಿ, ಆ ಉಂಡೆಯ ಸುತ್ತ ಅಚ್ಚು ಕೂಡಿಸಿ, ಕಾದ ಲೋಹ ಹೊಯ್ಯುತ್ತಿದ್ದರು. ತಣಿದ ಮೇಲೆ ಬಾಯಿಯಿಂದ ಒಳಗಿನ ಮಣ್ಣನ್ನೆಲ್ಲ ಕೆದಕಿ ತೆಗೆದರೆ ಗುಂಡು ಒಳಗೇ ಉಳಿಯುತ್ತದೆ. ನನ್ನ ಚೂರಿನ ಏಣು ಎರಡು ಅರ್ಧಗಳ ಅಚ್ಚು ಕೂಡಿದ ಜಾಗ. ಒಳಮೈ ಮುಟ್ಟಿದರೆ ಈಗಲೂ ಆ ಮಣ್ಣುಂಡೆಯ ತರಿತರಿ ಕೈಗೆ ಸಿಗುತ್ತದೆ. ನಾಗಮಂಗಲದಲ್ಲಿ ವಿಗ್ರಹ ಎರಕ ಹೊಯ್ಯುವವರು ಮೇಣದ ಅಚ್ಚು ಮಾಡಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಹೊಯ್ಯುವುದನ್ನು ಹುಡುಗನಾಗಿದ್ದಾಗ ನಿಂತು ನೋಡಿದ್ದೇನೆ. ದಾರಿ ಬೇರೆ, ಆದರೆ ಮಣ್ಣು ಒಡೆದು ಒಳಗಿನದನ್ನು ತೆಗೆಯುವ ಆ ಕೊನೆಯ ಗಳಿಗೆ ಎರಡು ಕಡೆಯೂ ಒಂದೇ ಥರ ಇರಬೇಕು.

ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ತಮ್ಮ ತಾತ ಅದೇ ದಾರಿಯಲ್ಲಿ ಕುದುರೆ ಗಾಡಿ ಹೊಡೆಯುತ್ತಿದ್ದರು ಅಂದರು. ಚೂರು ಅವರ ಹೊಲದ್ದು, ಅವರ ಮನೆಯಲ್ಲೇ ಇರಲಿ ಅಂತ ಕೊಡಲು ಹೋದೆ. ಇನ್ನೊಂದು ಅರ್ಧ ಸಿಗುವವರೆಗೆ ನಿನ್ನ ಹತ್ತಿರವೇ ಇರಲಿ ಅಂದರು.

ಈಗ ಆ ಹೊಲದಲ್ಲಿ ಮತ್ತೆ ಗೋಧಿ ಎದ್ದಿದೆ, ಮೊಣಕಾಲೆತ್ತರ. ಕೊಯ್ಲು ಆಗಸ್ಟ್‌ನಲ್ಲಿ. ವಾರಕ್ಕೊಮ್ಮೆ ಅಪ್ಪ ಫೋನಿನಲ್ಲಿ ಕೇಳುತ್ತಾರೆ, "ಕೊಂಡಿ ಸಿಕ್ತಾ?" ಅಂತ.